ಓದುವವರ ಪಾಲಿನ ಕೊಡೆ

ಕಣ್ಣೂರು ಸೀಮೆಯಲ್ಲಿ ಭಾಷಣಕ್ಕೆ ಬರಗಾಲವೆಂಬುದು ಎಂದೂ ಬಂದದ್ದಿಲ್ಲ. ನಾಲ್ಕು ದಾರಿ ಕೂಡಿದಲ್ಲಿ ಒಂದು ವಾಚನಾಲಯ, ವಾಚನಾಲಯದ ಎದುರಿಗೊಂದು ಕಟ್ಟೆ, ಕಟ್ಟೆಯ ಮೇಲೊಂದು ಮೈಕು, ಮೈಕಿನ ಮುಂದೆ ತಾಸುಗಟ್ಟಲೆ ದಣಿಯದ ಒಬ್ಬ ಮಹನೀಯರು ಇದ್ದೇ ಇರುತ್ತಾರೆ. ಇಂಥ ನೆಲದಲ್ಲಿ ಹುಟ್ಟಿಯೂ ತಮ್ಮದೆಂದು ಒಂದು ಭಾಷಣವನ್ನೂ ಮಾಡದೆ, ಜಗತ್ತಿನ ಯಾವ್ಯಾವುದೋ ಮೂಲೆಯ ವಿಜ್ಞಾನಿಗಳ, ಯಂತ್ರ ಕಟ್ಟುವವರ, ಚಿತ್ರ ಬರೆಯುವವರ ಮಾತುಗಳನ್ನು ಅಂತರ್ಜಾಲದಿಂದ ಇಳಿಸಿ ತಂದು, ಕಾಂಜಿರವಯಲೆಂಬ ಊರಿನ ಕೊಡೆ ಹೊಲಿಯುವ ಹೆಂಗಸರ ನಡುವೆ ಪ್ರತಿ ಶನಿವಾರ ಕೂರಿಸಿದವರು ಶ್ರೀಮತಿ ವಿಲಾಸಿನಿ ಟೀಚರ್. ವಿಜ್ಞಾನವನ್ನು ಜನರ ಬಳಿಗೆ ಒಯ್ದವರ ಸಾಲಿನಲ್ಲಿ ಅವರಿಗೆ ಯಾವ ಮಣೆ ಹಾಕಬೇಕೆಂದು ನಿರ್ಧರಿಸುವ ಯೋಗ್ಯತೆ ನನಗಿಲ್ಲ. ಅವರ ಜೊತೆಯಲ್ಲಿ ಒಂದೇ ಶಾಲೆಯಲ್ಲಿ ಗಣಿತ ಕಲಿಸಿದ ಭಾಗ್ಯವೊಂದೇ ನನ್ನ ಅರ್ಹತೆ.

ಟೀಚರ್ ಅವರ ನಿವೃತ್ತಿಯ ಈ ಅಭಿನಂದನ ಸಂಪುಟದ ಉಳಿದ ಲೇಖನಗಳೆಲ್ಲ ಮಲೆಯಾಳದಲ್ಲಿರುವಾಗ ಇದೊಂದೇ ಕನ್ನಡದಲ್ಲಿರುವುದಕ್ಕೂ ಅವರೇ ಕಾರಣರು. ಕಾಸರಗೋಡಿನವನಾದ ನಾನು ಮಲೆಯಾಳದಲ್ಲಿ ತಡವರಿಸುತ್ತಾ ಬರೆಯಲು ಹೊರಟಾಗ ಅವರು ನಕ್ಕು, ಇಲ್ಲಿ ಮೇಷ್ಟರನ್ನು ಕರೆಯುವಂತೆ, "ಮಾಷೇ, ಹೊಗಳುವುದಾದರೆ ನಿಮ್ಮ ಭಾಷೆಯಲ್ಲೇ ಹೊಗಳಿ. ನನಗೆ ಅರ್ಥ ಆಗದಿದ್ದರೆ ನಾಚಿಕೆಯೂ ಆಗ್ಲಿಕ್ಕಿಲ್ಲ. ಆಮೇಲೆ ಬೇಕಿದ್ದರೆ ಕೆಳಗೆ ಸಬ್‌ಟೈಟಲ್ ಹಾಕುವಾ" ಎಂದರು. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಟೀಚರ್ ಅವರ ತಂದೆ ಕುಂಞಂಬು ಬೀಡಿ ಕಂಪೆನಿಯಲ್ಲಿ ಕೆಲಸಕ್ಕಿದ್ದವರು. ಆದರೆ ಬೀಡಿ ಸುತ್ತುವುದಕ್ಕಿಂತ ಓದುವುದೇ ಅವರ ಮುಖ್ಯ ಕಸುಬಾಗಿತ್ತು. ಈ ಕಡೆಯ ಬೀಡಿ ಕಂಪೆನಿಗಳಲ್ಲಿ ಆಗ ಒಂದು ಪದ್ಧತಿ. ನೂರು ಜನ ತಲೆ ಬಗ್ಗಿಸಿ ಎಲೆ ಕತ್ತರಿಸಿ ಹೊಗೆಸೊಪ್ಪು ತುಂಬಿ ಸುತ್ತುತ್ತಿದ್ದರೆ, ಅವರಲ್ಲೇ ಒಬ್ಬ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಪತ್ರಿಕೆಯನ್ನೋ ಕಾದಂಬರಿಯನ್ನೋ ಓದಬೇಕು. ಕೈಗೆ ಕೆಲಸ, ಕಿವಿಗೆ ಓದು. ಓದುತ್ತಾ ನಿಂತವನ ಮೊರದಲ್ಲಿ ಬೀಡಿ ಬೀಳುವುದಿಲ್ಲವಲ್ಲ, ಅದಕ್ಕೆ ಉಳಿದವರು ತಮ್ಮ ತಮ್ಮ ಮೊರದಿಂದ ಒಂದಿಷ್ಟು ಬೀಡಿ ತೆಗೆದು ಅವನ ಮೊರಕ್ಕೆ ಹಾಕುತ್ತಿದ್ದರು. ಅದಕ್ಕೆ 'ಓದುವವರ ಪಾಲು' ಎಂದು ಹೆಸರು. ಆ ಪಾಲಿನ ಕೂಲಿಯಲ್ಲೇ ಕುಂಞಂಬು ಮಗಳನ್ನು ಭೌತಶಾಸ್ತ್ರ ಓದಿಸಿದರು. ಅಪ್ಪನ ಗಂಟಲು ಮಗಳಿಗೂ ಬಂತು. ಮೈಕಿಲ್ಲದೆ ಮೈದಾನದ ಆಚೆಗೂ ಕೇಳಿಸುವ, ಆದರೆ ಎಲ್ಲೂ ಗದರಿಸದ ಧ್ವನಿ ಅದು.

ಅಧ್ಯಾಪಿಕೆಯಾಗಿ ಅವರು ನಮ್ಮ ಶಾಲೆಗೆ ಬಂದ ಕೆಲವು ವರ್ಷಗಳ ಬಳಿಕ ಶಾಲೆಗೆ ಅಂತರ್ಜಾಲ ಬಂತು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವರು ಗಣಕಯಂತ್ರದ ಕೋಣೆಯಿಂದ ಸ್ಟಾಫ್ ರೂಮಿಗೆ ಓಡಿಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಓಡುವ ಹೆಂಗಸಲ್ಲ ಅವರು. "ಮಾಷೇ, ಬುತ್ತಿ ಮುಚ್ಚಿಡಿ, ಬನ್ನಿ ಬನ್ನಿ. ಒಬ್ಬಳು ಹೆಂಗಸು ಸಮುದ್ರದ ತಳದಲ್ಲಿ ದೀಪ ಹೊತ್ತಿಸಿಕೊಂಡು ತಿರುಗುವ ಮೀನಿನ ಕಥೆ ಹೇಳ್ತಿದ್ದಾಳೆ!" ಹೋಗಿ ನೋಡಿದೆವು. ಕಪ್ಪು ವೇದಿಕೆ, ಗುಂಡನೆಯ ಜಮಖಾನೆ, ಅದರ ಮೇಲೆ ನಿಂತ ಒಬ್ಬ ಸಾಧಾರಣ ಉಡುಪಿನ ಹೆಂಗಸು. ಕಾಲು ಗಂಟೆಯೊಳಗೆ ಆಕೆ ತನ್ನ ಮೂವತ್ತು ವರ್ಷದ ದುಡಿಮೆಯನ್ನು ಬಿಚ್ಚಿಟ್ಟು ಹೋದಳು. ಮುಗಿದ ಮೇಲೂ ಟೀಚರ್ ಅವರ ತೆರೆದ ಬಾಯಿ ಮುಚ್ಚಲಿಲ್ಲ. ಕೊನೆಗೆ ಅವರು ಹೇಳಿದ್ದು ಇಷ್ಟು: "ಅಪ್ಪ ಇರ್ಬೇಕಿತ್ತು."

ಹೀಗೆ ಶುರುವಾದದ್ದು ಶನಿವಾರದ ಕೂಟ. ಕುಂಞಂಬು ಓದುತ್ತಿದ್ದ ಆ ಬೀಡಿ ಕಂಪೆನಿಯ ಉದ್ದನೆಯ ಮನೆಯಲ್ಲಿ ಆ ಹೊತ್ತಿಗೆ ಹೆಂಗಸರ ಕೊಡೆ ಸಂಘ ನಡೆಯುತ್ತಿತ್ತು. ಒಂದು ಬದಿಯಲ್ಲಿ ವಾಚನಾಲಯದ ಕಪಾಟುಗಳು, ಇನ್ನೊಂದು ಬದಿಯಲ್ಲಿ ಕಡ್ಡಿಗಳಿಗೆ ಬಟ್ಟೆ ಕೂಡಿಸಿ ಸೂಜಿಯಿಂದ ಹೊಲಿಯುವ ಹೆಂಗಸರು. ಶನಿವಾರ ಮಧ್ಯಾಹ್ನ ಹೊಲಿಗೆ ಯಂತ್ರಗಳನ್ನು ನಿಲ್ಲಿಸಿ, ಬರೀ ಸೂಜಿಯ ಕೆಲಸ ಇಟ್ಟುಕೊಂಡು, ಗೋಡೆಗೆ ಬಿಳಿ ಮುಂಡು, ಅಂದರೆ ಪಂಚೆ, ಕಟ್ಟಿ, ಶಾಲೆಯ ಪ್ರೊಜೆಕ್ಟರಿನಿಂದ ಅದರ ಮೇಲೆ ಭಾಷಣ ಬೀಳಿಸುವುದು. ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಗುತ್ತಲೇ ಟೀಚರ್ ಚಿತ್ರವನ್ನು ನಿಲ್ಲಿಸಿ, ಅದನ್ನು ಮಲೆಯಾಳದಲ್ಲಿ ಹೇಳುವರು. ಮತ್ತೆ ಓಡಿಸುವರು, ಮತ್ತೆ ನಿಲ್ಲಿಸುವರು.

ಮಲೆಯಾಳದಲ್ಲಿ ಭಾಷಣಕ್ಕೆ 'ಪ್ರಸಂಗ' ಎನ್ನುತ್ತಾರೆ. 'ಶನಿವಾರದ ಪ್ರಸಂಗ' ಎಂಬ ಬೋರ್ಡು ನೋಡಿ, ಮಲೆಯಾಳದಲ್ಲಿ ಇನ್ನೂ ತಡವರಿಸುತ್ತಿದ್ದ ನಾನು, ಓಹೋ ಇಲ್ಲೂ ಯಕ್ಷಗಾನ ಉಂಟು ಎಂದು ಹಿಗ್ಗಿ, ರಾತ್ರಿಗೆ ಬೇಕಾಗುತ್ತದೆಂದು ಚಾಪೆ ಸಮೇತ ಹೋಗಿ ಎಲ್ಲರನ್ನೂ ನಗಿಸಿದ್ದೆ. ಆದರೆ ನಾನು ಕಂಡದ್ದು ಯಾವ ಯಕ್ಷಗಾನಕ್ಕೂ ಕಡಮೆಯಿರಲಿಲ್ಲ. ಸಭೆ ಎಂದ ಮೇಲೆ ಸ್ವಾಗತ, ಅಧ್ಯಕ್ಷತೆ, ವಂದನಾರ್ಪಣೆ ಇಲ್ಲದೆ ಈ ಜನಕ್ಕೆ ನೀರು ಇಳಿಯುವುದಿಲ್ಲ. ಭಾಷಣಕಾರರು ಮುಂಡಿನ ಮೇಲೆ ಬೀಳುವ ನೆರಳಾದರೇನಂತೆ, ಅವರಿಗೊಂದು ಖಾಲಿ ಕುರ್ಚಿ ಇಡಲೇಬೇಕು, 'ದೂರದ ದಾರಿಯನ್ನು ಲೆಕ್ಕಿಸದೆ ಬಂದ ತಮಗೆ' ಎಂದು ಸ್ವಾಗತ ಕೋರಲೇಬೇಕು. ವಾಚನಾಲಯದ ಅಧ್ಯಕ್ಷರಾದ ಅಚ್ಯುತೇಟ್ಟ (ಇಲ್ಲಿ ಅಣ್ಣನಿಗೆ ಏಟ್ಟ, ಅಕ್ಕನಿಗೆ ಏಟ್ಟತ್ತಿ) ಪ್ರತಿವಾರವೂ ಅಧ್ಯಕ್ಷತೆ ವಹಿಸುವರು, ಪ್ರತಿವಾರವೂ ದೂರುವರು.

"ಇದೆಂತ ಟೀಚರೇ, ಈ ಆಸಾಮಿ ಸುಮ್ಮನೆ ಅತ್ತಿಂದಿತ್ತ ನಡೀತಾ ಉಂಟಲ್ಲ! ಒಂದು ಕಡೆ ನಿಂತು ಮಾತಾಡ್ಲಿಕ್ಕೆ ಬರುದಿಲ್ವಾ ಅದಕ್ಕೆ?"

"ಅಲ್ಲಿ ಹಾಗೆಯೇ, ಅಚ್ಯುತೇಟ್ಟ. ಕಾಲು ಗಂಟೆಯಲ್ಲಿ ಮುಗಿಸ್ಬೇಕಲ್ಲ, ಅವಸರ."

"ಕಾಲು ಗಂಟೆ! ಅಷ್ಟರಲ್ಲಿ ನಾನು 'ವೇದಿಕೆಯ ಮೇಲಿನ ಗಣ್ಯರೇ' ಅನ್ನುವುದೇ ಮುಗಿದಿರುದಿಲ್ಲ."

ಭಾಷಣದ ಕೊನೆಗೆ ಪ್ರಶ್ನೆ ಕೇಳುವುದೂ ಇಲ್ಲಿಯ ಪದ್ಧತಿ. ಯಾರಾದರೊಬ್ಬರು ಎದ್ದು ನಿಂತು ಮುಂಡಿನ ಕಡೆ ಮುಖ ಮಾಡಿ, ಸಾಕ್ಷಾತ್ ಭಾಷಣಕಾರರನ್ನೇ ಪ್ರಶ್ನಿಸುವರು. ನಾನು ಮೊದಲ ಬಾರಿ ನಗು ತಡೆಯಲಾರದೆ ಕೆಮ್ಮಿದ್ದೆ. ಟೀಚರ್ ಮಾತ್ರ ನಗುತ್ತಿರಲಿಲ್ಲ. ಕೈ ತಟ್ಟಿದರೆ ಸಾಲದು, ಪ್ರಶ್ನೆ ಹುಟ್ಟಿದರಷ್ಟೇ ಕೇಳಿದ್ದು ಸಾರ್ಥಕ ಎಂಬುದು ಅವರ ನಂಬಿಕೆ. ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು, ತಿಳಿದರೆ ಅಲ್ಲೇ ಉತ್ತರಿಸುವರು, ತಿಳಿಯದಿದ್ದರೆ ಮುಂದಿನ ಶನಿವಾರದೊಳಗೆ ಎಲ್ಲಿಂದಾದರೂ ಹುಡುಕಿ ತರುವರು.

ಒಂದು ಶನಿವಾರ ಅಂಥ ಪ್ರಶ್ನೆಯೊಂದು ಎದ್ದಿತು. ಅಂದಿನ ಭಾಷಣ ಶಬ್ದದ ಬಗ್ಗೆ. ಕಾಡಿನ ಸದ್ದು ಕೇಳಿಯೇ ಅದರ ಆರೋಗ್ಯ ಹೇಳಬಲ್ಲ ಒಬ್ಬ ವಿಜ್ಞಾನಿ ಸೊಗಸಾಗಿ ಮಾತಾಡಿ, 'ಕಿವಿ ತೆರೆದಿಡಿ, ಲೋಕ ತಾನಾಗಿ ನಿಮ್ಮೊಳಗೆ ಬರುತ್ತದೆ' ಎಂದು ಮುಗಿಸಿದ. ಟೀಚರ್ ಅದನ್ನು ಇನ್ನೂ ಸೊಗಸಾಗಿ ಮಲೆಯಾಳದಲ್ಲಿ ಹೇಳಿದರು. ಆಗ ಎದ್ದು ನಿಂತವರು ಕೊಡೆ ಸಂಘದ ಜಾನಕಿ. ಯಾವ ಸಭೆಯಲ್ಲೂ ತುಟಿ ಬಿಚ್ಚದ ಹೆಂಗಸು. ಮುಂಡಿನ ಮೇಲೆ ನಿಂತುಹೋಗಿದ್ದ ವಿಜ್ಞಾನಿಯ ಮುಖವನ್ನೇ ನೋಡುತ್ತಾ ಕೇಳಿದರು:

"ಸಾರ್, ನನ್ನ ಮಗಳಿಗೆ ಹುಟ್ಟಿದಾಗಿಂದ ಕಿವಿ ಕೇಳುದಿಲ್ಲ. ಇಲ್ಲೇ ನನ್ನ ಪಕ್ಕ ಕೂತಿದ್ದಾಳೆ. ಲೋಕ ಅವಳೊಳಗೆ ಎಲ್ಲಿಂದ ಬರ್ಬೇಕು?"

ಸಭೆಯಲ್ಲಿ ಒಂದು ಸೂಜಿಯೂ ಆಡಲಿಲ್ಲ. ಮಗಳು ಪ್ರಜಿಷ ಮಾತ್ರ, ಏನು ನಡೆಯಿತೆಂದು ಅರಿಯದೆ, ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ಪಟ್ಟಣದ ಕಿವುಡರ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಓದು ಬರಹ ಚೆನ್ನಾಗಿ ಬಲ್ಲ, ಆ ಸಂಘದಲ್ಲೇ ಅತಿ ಚೊಕ್ಕ ಹೊಲಿಗೆಯ ತರುಣಿ. ತಿಂಗಳುಗಟ್ಟಲೆ ಎಲ್ಲರೂ ನಗುವಾಗ ಅವಳು ಅವರ ಮುಖ ನೋಡಿ ನಕ್ಕಿದ್ದಳು. ಟೀಚರ್ ಅದನ್ನು ಕಂಡಿದ್ದರು, ಅವಳಿಗೂ ಹಿಡಿಸಿದೆ ಎಂದುಕೊಂಡಿದ್ದರು. ಆ ದಿನ ಅವರು "ಜಾನಕಿಯೇಟ್ಟತ್ತಿ, ಮುಂದಿನ ಶನಿವಾರ" ಎಂದಷ್ಟೇ ಹೇಳಿ ಗೋಡೆಯ ಮುಂಡು ಬಿಚ್ಚಿದರು. ಅಪ್ಪನಿಂದ ಬಂದ ಗಂಟಲನ್ನು ಅಷ್ಟು ನೆಚ್ಚಿಕೊಂಡಿದ್ದ ಅವರಿಗೆ, ಆ ಗಂಟಲು ಮುಟ್ಟದ ಒಬ್ಬಳು ಮೂರು ಮಾರು ದೂರದಲ್ಲೇ ಕೂತಿದ್ದಳೆಂಬುದು ನುಂಗಲಾರದ ತುತ್ತಾಯಿತು.

ಮುಂದಿನ ಶನಿವಾರ ಅವರು ಬಾಯಿ ತೆರೆಯಲಿಲ್ಲ. ಭಾಷಣ ಓಡಿತು, ಅದರ ಕೆಳಗೆ ಮಲೆಯಾಳದ ಅಕ್ಷರಗಳೂ ಓಡಿದವು. ವಾರವಿಡೀ ಕೂತು, ಮಾತು ಮಾತನ್ನೂ ತೂಗಿ, ತುಟಿಯ ಚಲನೆಗೆ ಹೊಂದಿಸಿ ಅವರೇ ಕೂಡಿಸಿದ ಸಾಲುಗಳು. ಪ್ರಜಿಷ ಮೊದಲ ಸಾಲು ಓದಿದಳು, ಎರಡನೆಯದು ಓದಿದಳು, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದು ನಿಂತೇಬಿಟ್ಟಳು. ಬಿದ್ದುಹೋಗುವ ಸೇತುವೆಯೊಂದನ್ನು ಕಟ್ಟಿ ಊರವರಿಂದೆಲ್ಲ ಛೀಮಾರಿ ಹಾಕಿಸಿಕೊಂಡ ಇಂಜಿನಿಯರನೊಬ್ಬ, ತನ್ನ ತಪ್ಪಿನಿಂದಲೇ ಹೊಸ ಸೇತುವೆ ಕಟ್ಟಲು ಕಲಿತ ಕಥೆ ಹೇಳುತ್ತಿದ್ದ. ಅವನು ನಗಿಸಿದ ಕಡೆ ಅವಳು ಬೇರೆಯವರ ಮುಖ ನೋಡದೆ, ಎಲ್ಲರಿಗಿಂತ ಮೊದಲು ನಕ್ಕಳು. ಜಾನಕಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದರೆ ಉತ್ತರವೇ ಹೊಸ ತೊಡಕು ತಂದಿತು. ಉಳಿದವರಿಗೆ ಕಣ್ಣು ಸೂಜಿಯ ಮೇಲೆ, ಕಿವಿ ಭಾಷಣದ ಮೇಲೆ. ಪ್ರಜಿಷಳಿಗೆ ಇರುವುದು ಕಣ್ಣೊಂದೇ. ಅದನ್ನು ಮುಂಡಿನ ಮೇಲಿಟ್ಟರೆ ಕೊಡೆ ನಿಲ್ಲುತ್ತದೆ, ಕೊಡೆಯ ಮೇಲಿಟ್ಟರೆ ಭಾಷಣ ಹೋಗುತ್ತದೆ. ಎರಡನ್ನೂ ಹಿಡಿಯಲು ಹೋಗಿ ಒಂದು ಶನಿವಾರ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ಹೊಲಿದುಬಿಟ್ಟಳು. ಕೂಲಿಯೋ ಹೊಲಿದ ಕೊಡೆಯ ಲೆಕ್ಕದ್ದು. ಮರುವಾರ ಅವಳು ಮುಂಡಿಗೆ ಬೆನ್ನು ಹಾಕಿ ಕೂತಳು. ಬೇಡವೆಂದಲ್ಲ, ನೋಡಿದರೆ ಬಿಡಲಾಗುವುದಿಲ್ಲವೆಂದು. ಟೀಚರ್ ಅದನ್ನು ನೋಡಿ ಪ್ರೊಜೆಕ್ಟರಿನ ಗುಂಡಿ ಒತ್ತದೆ ನಿಂತರು. ಇಷ್ಟು ಹತ್ತಿರ ತಂದ ಲೋಕವನ್ನು ಅವಳು ಮತ್ತೆ ಬಾಗಿಲಾಚೆ ಬಿಡಬೇಕಾದರೆ, ತಾವು ಮಾಡುತ್ತಿರುವುದೇನು ಎಂಬ ಪ್ರಶ್ನೆ ಅವರನ್ನು ಕಾಡಿತು.

ಆಗ ಮಾತಾಡಿದವರು ಸಂಘದ ಹಿರಿಯರಾದ ಮಾಧವಿಯಮ್ಮ, ಹಿಂದೆ ಅದೇ ಮನೆಯಲ್ಲಿ ಬೀಡಿ ಸುತ್ತಿದವರು.

"ಎಂತ ಮಕ್ಕಳೇ, ಎಲ್ಲರೂ ಗೋಡೆ ನೋಡ್ತಾ ಕೂತಿದ್ದೀರಿ? ಈ ಟೀಚರಿನ ಅಪ್ಪ ಇಲ್ಲೇ, ಈ ಕಿಟಕಿಯ ಹತ್ತಿರ ನಿಂತು ಓದ್ತಿದ್ದದ್ದು. ಅವನಿಗೆ ಬೀಡಿ ಸುತ್ತಿ ಕೊಟ್ಟವಳು ನಾನು. ಓದುವವನಿಗೆ ಪಾಲು ಉಂಟಾದರೆ ಓದುವವಳಿಗೆ ಇಲ್ವಾ? ಈ ಹುಡುಗಿಯೂ ಓದುವುದೇ ಅಲ್ವಾ ಮಾಡುದು!"

"ಅವನು ನಮಗೆಲ್ಲ ಕೇಳುವ ಹಾಗೆ ಓದ್ತಿದ್ದ, ಮಾಧವಿಯೇಟ್ಟತ್ತಿ" ಎಂದು ಅಚ್ಯುತೇಟ್ಟ ನಿಯಮ ಎತ್ತಿದರು. "ಇವಳು ತನಗೆ ಮಾತ್ರ ಓದಿಕೊಳ್ಳುದಲ್ವಾ?"

"ನೀನು ಅಧ್ಯಕ್ಷ, ಕುರ್ಚಿ ಬಿಸಿ ಮಾಡು ಸಾಕು" ಎಂದು ಮಾಧವಿಯಮ್ಮ ಅಧ್ಯಕ್ಷರ ಬಾಯಿ ಮುಚ್ಚಿಸಿ, ಪ್ರಜಿಷಳ ಮುಂದಿದ್ದ ಕಡ್ಡಿಯ ಕಟ್ಟಿನಿಂದ ಒಂದನ್ನು ಎಳೆದುಕೊಂಡು ತಮ್ಮ ತೊಡೆಯ ಮೇಲಿಟ್ಟರು. ಪಕ್ಕದವಳು ಇನ್ನೊಂದನ್ನು ಎಳೆದುಕೊಂಡಳು. ಕಟ್ಟು ಖಾಲಿಯಾಯಿತು. ಜಾನಕಿ ಮಗಳ ಭುಜ ಹಿಡಿದು ಮುಂಡಿನ ಕಡೆ ತಿರುಗಿಸಿದರು. ಅಂದಿನಿಂದ ಪ್ರತಿ ಶನಿವಾರ ಪ್ರಜಿಷಳ ಪಾಲಿನ ಕೊಡೆಗಳು ಬೇರೆಯವರ ಕೈಯಲ್ಲಿ ಹೊಲಿಗೆಯಾಗಿ ಅವಳ ಲೆಕ್ಕಕ್ಕೇ ಸೇರಿದವು. ಟೀಚರ್ ಅವರ ಸೇವಾವಧಿಯಲ್ಲಿ ಅವರಿಗೆ ಸಂದ ಪ್ರಶಸ್ತಿಗಳನ್ನು ಈ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ನನ್ನ ದೃಷ್ಟಿಯಲ್ಲಿ ಆ ಒಂದು ಮಧ್ಯಾಹ್ನದ ಮುಂದೆ ಅವೆಲ್ಲ ಸಪ್ಪೆ.

ಮುಂದಿನ ವರ್ಷಗಳಲ್ಲಿ ಟೀಚರ್ ಎಷ್ಟು ಭಾಷಣಗಳಿಗೆ ಮಲೆಯಾಳದ ಸಾಲು ಕೂಡಿಸಿದರೆಂಬುದನ್ನು ಅವರೇ ಬಲ್ಲರೋ ಇಲ್ಲವೋ. ಆ ಸಾಲುಗಳು ಅಂತರ್ಜಾಲದಲ್ಲೇ ಉಳಿದು, ನಾವು ಕಾಣದ ಎಷ್ಟೋ ಮನೆಗಳನ್ನು ತಲುಪಿದವು. ಒಂದೊಂದು ಪದಕ್ಕೆ ಅವರು ಪಡುತ್ತಿದ್ದ ಪಾಡು ನೋಡಬೇಕು. ಪರೀಕ್ಷೆಯ ಉತ್ತರಪತ್ರಿಕೆಗಳ ಮಧ್ಯದಿಂದ ತಲೆಯೆತ್ತಿ, "ಮಾಷೇ, ಕುತೂಹಲ ಅಂದರೆ ಸಾಕಾ, ಇನ್ನೂ ಸ್ವಲ್ಪ ಹಸಿವಿರುವ ಪದ ಉಂಟಾ?" ಎಂದು ಕೇಳುವರು. ಐಡಿಯಾ ಎಂಬುದಕ್ಕೆ ಮಾತ್ರ ಅವರಿಗೆ ತೊಂದರೆಯಾಗಲಿಲ್ಲ. ಮಲೆಯಾಳದಲ್ಲಿ ಅದಕ್ಕೆ 'ಆಶಯ' ಎನ್ನುತ್ತಾರೆ. ನಮ್ಮಲ್ಲಿ ಆಶಯವೆಂದರೆ ಹಾರೈಕೆಯಲ್ಲವೇ ಎಂದು ನಾನು ಹೇಳಿದಾಗ ಅವರು ಬೆರಗಾಗಿ, "ಎಷ್ಟು ಚಂದ! ನಿಮ್ಮವರು ಹಾರೈಸ್ತಾರೆ, ನಮ್ಮವರು ಯೋಚಿಸ್ತಾರೆ, ಪದ ಒಂದೇ" ಎಂದು ದಿನವಿಡೀ ಅದನ್ನೇ ಹೇಳಿಕೊಂಡು ತಿರುಗಿದರು. ಪ್ರಜಿಷ ಆ ಪದಕ್ಕೆ ತನ್ನದೇ ಒಂದು ಕೈಸನ್ನೆ ಕಟ್ಟಿದಳು. ಹಣೆಯ ಬಳಿ ಮುಷ್ಟಿ ಹಿಡಿದು, ಮೇಲಕ್ಕೊಯ್ದು, ಬೆರಳುಗಳನ್ನು ಒಮ್ಮೆಲೇ ಬಿಚ್ಚುವುದು. ಕೊಡೆ ಬಿಚ್ಚುವ ಕೈಗಳಲ್ಲವೇ. ಸಂಘದ ಹೆಂಗಸರೆಲ್ಲ ಅದನ್ನು ಕಲಿತರು. ಅಚ್ಯುತೇಟ್ಟನವರು ಕೂಡ ಅಧ್ಯಕ್ಷ ಭಾಷಣದ ಮಧ್ಯೆ ಮಾತು ಮರೆತಾಗಲೆಲ್ಲ ಹಣೆಯ ಬಳಿ ಮುಷ್ಟಿ ಬಿಚ್ಚುವುದನ್ನು ರೂಢಿಸಿಕೊಂಡರು.

ಒಂದೇ ಒಂದು ವಿಷಯದಲ್ಲಿ ಟೀಚರ್ ಕಟ್ಟುನಿಟ್ಟು. ವಂದನಾರ್ಪಣೆಯಲ್ಲಿ ತಮ್ಮ ಹೆಸರು ಬರಕೂಡದು. ಭಾಷಣಕಾರರಿಗೆ, ಚಹಾ ಕಾಸಿದವರಿಗೆ, ಮುಂಡು ಕೊಟ್ಟವರಿಗೆ, ಕೊನೆಗೆ ಕರೆಂಟು ಹೋಗದಿದ್ದುದಕ್ಕೂ ವಂದನೆ ಸಲ್ಲುತ್ತಿತ್ತು. ಇವರಿಗೆ ಮಾತ್ರ ಇಲ್ಲ. "ಮನೆಯವರಿಗೆ ಯಾರಾದರೂ ಥ್ಯಾಂಕ್ಸ್ ಹೇಳ್ತಾರಾ?" ಎಂದು ಗದರಿಬಿಡುತ್ತಿದ್ದರು.

ಅವರು ನಿವೃತ್ತರಾಗುವ ಮುಂಚಿನ ಕೊನೆಯ ಶನಿವಾರ, ಮೇ ತಿಂಗಳ ಕೊನೆಗೆ ಬಂತು. ಶಾಲೆಗಳು ತೆರೆಯುವ ಮುಂಚಿನ ಆ ದಿನಗಳಲ್ಲಿ ಕೊಡೆ ಸಂಘದವರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಮಳೆಯೂ ಆಗಲೇ ಹಿಡಿದಿತ್ತು. ಅಂದಿನ ಭಾಷಣ ಯಾರದೆಂದು ಟೀಚರ್ ಬಾಯಿಬಿಟ್ಟಿರಲಿಲ್ಲ. ನಾವು ಒಳಹೋದಾಗ ಖಾಲಿ ಕುರ್ಚಿ ಖಾಲಿಯಿರಲಿಲ್ಲ. ಅದರಲ್ಲಿ ಪ್ರಜಿಷ ಕೂತಿದ್ದಳು. ಇನ್ನೂ ವಿಚಿತ್ರವೆಂದರೆ, ಹೆಂಗಸರು ಕೂರುವ ಜಾಗದಲ್ಲೆಲ್ಲ ಹೊಲಿದು ಮಡಚಿ ಪಟ್ಟಿ ಕಟ್ಟಿದ ಒಂದೊಂದು ಕೊಡೆ ಇತ್ತು.

"ಇದು ಯಾರದ್ದು?" ಎಂದರು ಮಾಧವಿಯಮ್ಮ.

"ನಿಮ್ಮ ಲೆಕ್ಕಕ್ಕೆ" ಎಂದರು ಜಾನಕಿ. "ಮಗಳು ತಿಂಗಳಿಂದ ತನ್ನ ಕೆಲಸ ಮುಗಿದ ಮೇಲೆ ಕೂತು ಹೊಲಿದಿಟ್ಟದ್ದು. ಇವತ್ತು ಅವಳು ಕೈಯಲ್ಲಿ ಮಾತಾಡ್ತಾಳೆ, ನೀವೆಲ್ಲ ಕಣ್ಣಲ್ಲಿ ಕೇಳ್ಬೇಕಲ್ಲ. ಈ ಸೀಸನಿನಲ್ಲಿ ನಿಮ್ಮ ಕೂಲಿ ಹೋಗ್ಬಾರದು ಅಂತ."

ಯಾರೂ ಸೂಜಿ ಎತ್ತಲಿಲ್ಲ. ಪ್ರಜಿಷ ಎದ್ದು ನಿಂತು ಕೈಗಳಲ್ಲಿ ಮಾತಾಡಿದಳು, ಬೆನ್ನ ಹಿಂದಿನ ಮುಂಡಿನ ಮೇಲೆ ಟೀಚರ್ ಕೂಡಿಸಿದ ಸಾಲುಗಳು ಒಂದೊಂದಾಗಿ ಬಂದವು. ಆ ಮನೆಯಲ್ಲಿ ಅಂದು ಕೇಳಿದ್ದು ಹಂಚಿನ ಮೇಲಿನ ಮಳೆಯೊಂದೇ. ಮಳೆಯಲ್ಲಿ ಮಗಳನ್ನು ಒಬ್ಬಳೇ ಬಿಡಲು ಅಮ್ಮ ಏಕೆ ಹೆದರುತ್ತಾಳೆಂದು ಅವಳು ಹೇಳಿದಳು. ಹಿಂದಿನಿಂದ ಬರುವ ಬಸ್ಸಿನ ಹಾರನ್ ತನಗೆ ಕೇಳುವುದಿಲ್ಲ, ಕೊಡೆ ಹಿಡಿದರೆ ಕಾಣುವುದೂ ಇಲ್ಲ. ಅಂದರೆ ತಾನು ದಿನವಿಡೀ ಹೊಲಿಯುವ ಕೊಡೆಯೇ ತನ್ನನ್ನು ಕುರುಡಿ ಮಾಡುತ್ತದೆ. ಬಿದ್ದ ಸೇತುವೆಯ ಇಂಜಿನಿಯರ್ ಹೇಳಿದ್ದನಲ್ಲ, ಕೈಯಲ್ಲಿರುವ ವಸ್ತುವೇ ಏನು ತಪ್ಪು ಮಾಡುತ್ತಿದೆ ನೋಡು ಎಂದು. ಅಷ್ಟು ಹೇಳಿ ಅವಳು ಒಂದು ಕೊಡೆ ಬಿಚ್ಚಿದಳು. ಅದರ ಒಂದು ಎಸಳು ಬಟ್ಟೆಯದಲ್ಲ, ಆರಪಾರ ಕಾಣುವ ಪ್ಲಾಸ್ಟಿಕ್ಕಿನದು. ಹೊಲಿಗೆಯಲ್ಲಿ ನೀರು ನುಸುಳದಂತೆ ಮಾಡಲು ತಾನು ಎಷ್ಟು ಕೊಡೆ ಹಾಳು ಮಾಡಿದೆನೆಂದು ಹೇಳಿ ಸಭೆಯನ್ನು ನಗಿಸಿದಳು. ಆಮೇಲೆ ಅದನ್ನು ಹೆಗಲ ಮೇಲೆ ಓರೆಯಾಗಿ ಹಿಡಿದು, ತಲೆ ಹೊರಳಿಸಿ, ಆ ಎಸಳಿನ ಕಿಟಕಿಯಿಂದ ನಮ್ಮನ್ನೆಲ್ಲ ನೋಡಿದಳು. ಬಾಗಿಲ ಹೊರಗೆ ಇಳಿದು, ಮಳೆಯಲ್ಲಿ, ಒಬ್ಬಳೇ, ರಸ್ತೆಯ ಆಚೆ ಬದಿಗೆ ಹೋಗಿ ತಿರುಗಿ ಬಂದಳು. ಜಾನಕಿ ಎದ್ದು ಹೋಗಲಿಲ್ಲ. ಕೂತಲ್ಲೇ ಎರಡೂ ಕೈಯಿಂದ ಬೆಂಚು ಹಿಡಿದುಕೊಂಡಿದ್ದರು.

ನಾನು ಆ ಮುಂಡಿನ ಮೇಲೆ ಜಗತ್ತಿನ ದೊಡ್ಡ ದೊಡ್ಡ ತಲೆಗಳನ್ನು ಕಂಡವನು. ಅಬ್ಬಾ, ಆ ಹೊತ್ತಿನಂಥ ಬೆರಗು ಮತ್ತೆ ಯಾರಿಂದಲೂ ನನಗಾಗಿಲ್ಲ.

ಪ್ರಶ್ನೆಯ ಸರದಿ ಬಂತು. ಅಚ್ಯುತೇಟ್ಟ ಎದ್ದರು, ಬಾಯಿ ತೆರೆದರು, ಮುಚ್ಚಿದರು. ಅವರ ಬಾಳಿನಲ್ಲೇ ಮೊದಲ ಬಾರಿ ಮಾತಿಲ್ಲದೆ, ಹಣೆಯ ಬಳಿ ಮುಷ್ಟಿ ಒಯ್ದು ಬಿಚ್ಚಿದರು. ಸಭೆಯೆಲ್ಲ ಮುಷ್ಟಿ ಬಿಚ್ಚಿತು.

ವಂದನಾರ್ಪಣೆಗೆ ಪ್ರಜಿಷಳೇ ಬಂದಳು. ಕಿಟಕಿಯ ಕೊಡೆಯನ್ನು ಮಡಚಿ, ಪ್ರೊಜೆಕ್ಟರಿನ ಹಿಂದೆ ನಿಂತಿದ್ದ ಟೀಚರ್ ಅವರ ಕೈಗೆ ಕೊಟ್ಟಳು. ಟೀಚರ್ ಹಿಂದೆ ಸರಿದರು.

"ನನಗೆಂತಕ್ಕೆ ಮಗಳೇ? ನಾನು ಹೊಲಿಯುವವಳೇ ಅಲ್ಲವಲ್ಲ, ನನ್ನದು ಯಾವ ಲೆಕ್ಕ?"

ಪ್ರಜಿಷಳ ಕೈಗಳು ಆಡಿದವು. ಜಾನಕಿ ಅದನ್ನು ಬಾಯಲ್ಲಿ ಹೇಳಿದರು. "ಓದುವವರ ಪಾಲು, ಅಂತಾಳೆ."

"ತಕ್ಕೋ, ಕುಂಞಂಬುವಿನ ಮಗಳೇ" ಎಂದರು ಮಾಧವಿಯಮ್ಮ. "ನಿನ್ನ ಅಪ್ಪ ಒಂದು ದಿನವೂ ಬೇಡ ಅಂದವನಲ್ಲ."

ಟೀಚರ್ ಕೊಡೆ ತೆಗೆದುಕೊಂಡರು, ಸೂರಿನ ಕೆಳಗೇ ಅದನ್ನು ಬಿಚ್ಚಿದರು, ಅದರ ಕಿಟಕಿಯ ಹಿಂದೆ ಮುಖ ಮರೆಸಿಕೊಳ್ಳಲು ಹೋಗಿ ಎಲ್ಲರಿಗೂ ಕಾಣುವಂತೆ ಅತ್ತರು.

ಶಾಲೆಯಿಂದ ನಿವೃತ್ತರಾದ ವಿಲಾಸಿನಿ ಟೀಚರ್ ಶನಿವಾರದಿಂದ ನಿವೃತ್ತರಾಗದಿರಲಿ. ಅವರ ಕಣ್ಣು, ಬೆರಳು, ಗಂಟಲು ಬಹುಕಾಲ ಗಟ್ಟಿಯಾಗಿರಲಿ. ಇನ್ನೂ ಸಾಲು ಕೂಡಿಸದ ಭಾಷಣಗಳು ಎಷ್ಟೋ ಕಾದಿವೆ, ಅವನ್ನು ಕಣ್ಣಿನಿಂದ ಕೇಳಬೇಕಾದವರು ಇನ್ನೂ ಎಷ್ಟೋ ಮನೆಗಳಲ್ಲಿ ಕಾದಿದ್ದಾರೆ. ಈ ಮಳೆಗಾಲದಿಂದ ಟೀಚರ್ ಆ ಕೊಡೆ ಹಿಡಿದೇ ವಾಚನಾಲಯಕ್ಕೆ ಬರುತ್ತಾರೆ. ಹಿಂದೆ ಬರುವ ನನ್ನನ್ನು ಕಿಟಕಿಯಿಂದ ಕಂಡು, ತಿರುಗದೆಯೇ, "ಬೇಗ ಬನ್ನಿ ಮಾಷೇ, ಹೊತ್ತಾಯ್ತು" ಎನ್ನುತ್ತಾರೆ. ಹೀಗೆಯೇ ನೂರು ಮಳೆಗಾಲ ಅವರು ಮುಂದೆ, ನಾವು ಹಿಂದೆ ನಡೆಯುವಂತಾಗಲಿ ಎಂಬುದು ನನ್ನ ಆಶಯ. ಟೀಚರ್, ಈ ಒಂದು ಪದಕ್ಕೆ ನೀವು ಸಬ್‌ಟೈಟಲ್ ಹಾಕಬೇಕಾಗಿಲ್ಲ.